ಕಿರುತೆರೆಯ ವಿದೂಷಕನು ಬೆಳ್ಳಿತೆರೆಗೆ ಬಂದಾಗ

ಮನುಷ್ಯನೊಬ್ಬನನ್ನು ಇದ್ದಕ್ಕಿದ್ದಂತೆ ಹತ್ತು ಪಟ್ಟು ಎತ್ತರವಾಗಿ ಬೆಳೆಸಿದರೆ ಏನಾದೀತು? ಎತ್ತರದೊಡನೆ ಅಗಲವೂ ಹತ್ತು ಪಟ್ಟು, ದಪ್ಪವೂ ಹತ್ತು ಪಟ್ಟು ಆಗಬೇಕಷ್ಟೆ. ಆದುದರಿಂದ ಅವನ ಮೈತೂಕ ೧೦ × ೧೦ × ೧೦, ಎಂದರೆ ಸಾವಿರ ಪಟ್ಟಾಗುವುದು. ಆ ತೂಕವನ್ನು ಹೊರಬೇಕಾದ ಕಾಲಿನ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣವಾದರೋ ೧೦ × ೧೦, ಎಂದರೆ ನೂರು ಪಟ್ಟು ಮಾತ್ರ ಹೆಚ್ಚುವುದು. ಹೀಗಾಗಿ ಮೂಳೆಯ ಒಂದೊಂದು ಚದರ ಅಂಗುಲದ ಮೇಲೂ ಮೊದಲಿಗಿಂತ ಹತ್ತು ಪಟ್ಟು ಭಾರ ಬೀಳುತ್ತದೆ. ಕಥೆಗಳಲ್ಲಿ ಬೆಟ್ಟದೆತ್ತರ ಬೆಳೆದು ನಿಲ್ಲುವ ರಾಕ್ಷಸನು ನಿಜವಾಗಿ ಇದ್ದಿದ್ದರೆ ಮೊದಲನೆಯ ಹೆಜ್ಜೆಯಲ್ಲಿಯೇ ತೊಡೆಮೂಳೆ ಮುರಿದುಕೊಂಡು ಕುಸಿಯುತ್ತಿದ್ದನು!

ಈ ತತ್ತ್ವವನ್ನು ಗೆಲಿಲಿಯೊ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೂಳೆಯ ಚಿತ್ರವನ್ನೇ ಬರೆದು ತೋರಿಸಿಕೊಟ್ಟನು. ಮುಂದೆ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು ೧೯೨೬ರಲ್ಲಿ ಇದೇ ವಿಷಯವನ್ನು ಕುರಿತು ಒಂದು ಸೊಗಸಾದ ಪ್ರಬಂಧವನ್ನು ಬರೆದರು. ಪ್ರತಿಯೊಂದು ಪ್ರಾಣಿಗೂ ಅದಕ್ಕೆ ತಕ್ಕ ಗಾತ್ರವೊಂದುಂಟು. ಗಾತ್ರ ಬದಲಾಗಬೇಕಾದರೆ ಆಕಾರವೂ ಬದಲಾಗಲೇಬೇಕು ಎಂಬುದು ಅದರ ಸಾರ.

ಪ್ರಾಣಿಗಳಿಗೆ ಸಲ್ಲುವ ಈ ನಿಯಮ ನಗೆಗಾರನಿಗೂ ಸಲ್ಲುವುದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಟೆಲಿವಿಷನ್ನಿನ ಕಿರುತೆರೆಯಲ್ಲಿ ಹತ್ತು ಇಪ್ಪತ್ತು ನಿಮಿಷ ನಮ್ಮನ್ನು ನಗಿಸುವ ಪಾತ್ರವೊಂದನ್ನು ಎತ್ತಿ ಒಂದೂವರೆ ಎರಡು ಗಂಟೆಗಳ ಚಲಚ್ಚಿತ್ರದಲ್ಲಿ ನಿಲ್ಲಿಸಿದರೆ ಅದು ನಡೆಯಬಲ್ಲುದೆ? ನಡೆಯಬೇಕಾದರೆ ಅದರ ಯಾವ ಮೂಳೆಯನ್ನು ದಪ್ಪ ಮಾಡಬೇಕು? ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಬೀದರ್, ಭಾಲ್ಕಿ, ಔರಾದ್‌ಗಳ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ವಿಶೇಷವಾಗಿ ಸಂಬಂಧಿಸಿದುದು. ಏಕೆಂಬುದು ಮುಂದೆ ತಿಳಿಯುವುದು.

ನೆನಪಿಲ್ಲದ ಮನುಷ್ಯ

ಮೊದಲು ಎಲ್ಲರೂ ಬಲ್ಲ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ೧೯೯೦ರ ಜನವರಿ ೧ರಂದು ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ ‘ಮಿಸ್ಟರ್ ಬೀನ್’ ಎಂಬ ಹಾಸ್ಯಮಾಲೆಯ ಮೊದಲನೆಯ ಕಂತು ಪ್ರಸಾರವಾಯಿತು. ಬೀನ್ ಪಾತ್ರವನ್ನು ವಹಿಸಿದವರು ರೋವನ್ ಅಟ್ಕಿನ್‌ಸನ್. ಇವರು ನ್ಯೂಕಾಸಲ್ಲಿನಲ್ಲಿಯೂ ಆಮೇಲೆ ಆಕ್ಸ್‌ಫರ್ಡಿನಲ್ಲಿಯೂ ವಿದ್ಯುತ್ ಎಂಜಿನಿಯರಿಂಗನ್ನು ವ್ಯಾಸಂಗ ಮಾಡಿದವರೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷದ ಸುದ್ದಿ. ರಿಚರ್ಡ್ ಕರ್ಟಿಸ್, ರಾಬಿನ್ ಡ್ರಿಸ್ಕಾಲ್ ಮೊದಲಾದವರೊಡನೆ ಸೇರಿ ಇವರು ರೂಪಿಸಿದ ಕಂತುಗಳು ಒಟ್ಟು ಹದಿನೈದೇ. ಒಂದೊಂದೂ ಸುಮಾರು ೨೫ ನಿಮಿಷದ್ದು. ಇಷ್ಟು ಸ್ವಲ್ಪ ಬಂಡವಾಳದಿಂದ ಲೋಕವನ್ನೆಲ್ಲ ಗೆದ್ದ ಪಾತ್ರಗಳು ಬಹಳವಿಲ್ಲ.

ಮೊದಲನೆಯ ಕಂತಿನಲ್ಲಿ ಬೀನನು ಪರೀಕ್ಷೆಗೆ ಕುಳಿತಿದ್ದಾನೆ. ಲಕೋಟೆಯಿಂದ ಪ್ರಶ್ನಪತ್ರಿಕೆಯನ್ನು ತೆಗೆದು ನೋಡುತ್ತಾನೆ. ತಾನು ಓದದ ವಿಷಯ! ಪಕ್ಕದವನ ಉತ್ತರವನ್ನು ಕದ್ದು ನೋಡಲು ಅವನು ಪಡುವ ಪಾಡು ಒಂದೆರಡಲ್ಲ. ಕೊನೆಯ ಗಳಿಗೆಯಲ್ಲಿ, ತನ್ನ ವಿಷಯದ ಪತ್ರಿಕೆಯೂ ಅದೇ ಲಕೋಟೆಯಲ್ಲಿ ಇದ್ದಿತೆಂಬುದು ಗೊತ್ತಾಗುತ್ತದೆ. ಮರುಗಳಿಗೆಯಲ್ಲಿ ಅವನು ಸಮುದ್ರತೀರದಲ್ಲಿದ್ದಾನೆ, ಅನಂತರ ಇಗರ್ಜಿಯಲ್ಲಿದ್ದಾನೆ. ಪರೀಕ್ಷೆ ಏನಾಯಿತು? ಅವನು ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಕಿರುತೆರೆಯ ಹಾಸ್ಯಪಾತ್ರದ ಮೊದಲ ಗುಟ್ಟು ಇದೇ. ಅದಕ್ಕೆ ನೆನಪಿಲ್ಲ. ಬೀನನು ಒಂದು ಕಂತಿನಿಂದ ಇನ್ನೊಂದಕ್ಕೆ ಏನನ್ನೂ ಕಲಿಯುವುದಿಲ್ಲ. ಅವನಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅವನಿಗೆ ತಂದೆ ತಾಯಿಗಳು ಯಾರು, ಉದ್ಯೋಗವೇನು ಎಂಬುದು ತಿಳಿಯದು. ಅನೇಕ ಕಂತುಗಳ ಆರಂಭದಲ್ಲಿ ಅವನು ಮೇಲಿನಿಂದ ಇಳಿಯುವ ಬೆಳಕಿನ ಸ್ತಂಭದೊಳಗೆ ಆಕಾಶದಿಂದಲೇ ಬೀದಿಗೆ ಬೀಳುತ್ತಾನೆ. ಅವನ ಬಂಧುಬಳಗವೆಂದರೆ ಒಂದು ಬೊಂಬೆ ಕರಡಿ, ಒಂದು ಹಸಿರು ಮೋಟಾರುಗಾಡಿ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಪ್ರತಿಯೊಂದು ಕಂತಿನ ಕೊನೆಯಲ್ಲಿಯೂ ಉತ್ತರ ಸೊನ್ನೆ. ಈ ಸೊನ್ನೆಗೆ ಹಿಂತಿರುಗುವ ಗುಣದಿಂದಲೇ ಪಾತ್ರ ಹಗುರವಾಗಿರುತ್ತದೆ.

ಮಾಂಟ್ರಿಯಾಲಿನ ಪರೀಕ್ಷೆ

ಬೀನ್ ಪಾತ್ರ ಟೆಲಿವಿಷನ್ನಿಗೆ ಬರುವ ಮುನ್ನ ಅದರ ಮೇಲೆ ಒಂದು ಪ್ರಯೋಗ ನಡೆಯಿತು. ೧೯೮೭ರಲ್ಲಿ ಕೆನಡಾ ದೇಶದ ಮಾಂಟ್ರಿಯಾಲ್ ನಗರದ ಹಾಸ್ಯೋತ್ಸವಕ್ಕೆ ಅಟ್ಕಿನ್‌ಸನ್ ಹೋದರು. ಆ ನಗರದಲ್ಲಿ ಫ್ರೆಂಚ್ ಮಾತನಾಡುವವರೂ ಇಂಗ್ಲಿಷ್ ಮಾತನಾಡುವವರೂ ಇದ್ದು, ಉತ್ಸವದಲ್ಲಿ ಎರಡು ಭಾಷೆಗಳಿಗೂ ಬೇರೆ ಬೇರೆ ಕಾರ್ಯಕ್ರಮಗಳಿದ್ದವು. ಇಂಗ್ಲಿಷ್ ನಟನಾದ ಅಟ್ಕಿನ್‌ಸನ್ ತಮ್ಮನ್ನು ಫ್ರೆಂಚ್ ಕಾರ್ಯಕ್ರಮದಲ್ಲಿಯೇ ಸೇರಿಸಬೇಕೆಂದು ಹಟ ಹಿಡಿದರು. ಅವರ ಅಭಿನಯದಲ್ಲಿ ಫ್ರೆಂಚ್ ಮಾತು ಒಂದೂ ಇರಲಿಲ್ಲ. ವ್ಯವಸ್ಥಾಪಕರಿಗೆ ಇದು ವಿಚಿತ್ರವಾಗಿ ಕಂಡಿತು.

ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಒಂದು ಕಾರಣದ ಪರಿಣಾಮವೆಷ್ಟೆಂದು ತಿಳಿಯಬೇಕಾದರೆ ಉಳಿದ ಕಾರಣಗಳನ್ನು ತೆಗೆದುಹಾಕಬೇಕು. ತಮ್ಮ ಪಾತ್ರದ ನಗೆ ಮಾತಿನಿಂದ ಹುಟ್ಟಿದುದೋ ಮೈಯಿಂದ ಹುಟ್ಟಿದುದೋ ಎಂಬುದನ್ನು ತಿಳಿಯಲು ಅಟ್ಕಿನ್‌ಸನ್ ತಮ್ಮ ಮಾತನ್ನು ಅರಿಯದ ಸಭೆಯನ್ನೇ ಆರಿಸಿಕೊಂಡರು. ಆ ಸಭೆ ನಕ್ಕರೆ ನಗೆಯ ಬೇರು ಭಾಷೆಗಿಂತ ಆಳದಲ್ಲಿದೆಯೆಂದು ಅರ್ಥ. ಮುಂದೆ ಈ ಪಾತ್ರವು ಭಾಷಾಂತರದ ಹಂಗಿಲ್ಲದೆ ದೇಶದೇಶಗಳಿಗೆ ಹೋಯಿತೆಂಬುದೇ ಆ ಪರೀಕ್ಷೆಗೆ ದೊರೆತ ಉತ್ತರ. ಕನ್ನಡ ಬಲ್ಲ ಮಗುವೂ ದಖ್ಖನಿ ಉರ್ದು ಆಡುವ ಅಜ್ಜಿಯೂ ಒಂದೇ ಗಳಿಗೆಯಲ್ಲಿ ನಗಬಲ್ಲ ಪಾತ್ರವಿದು.

ಕಣ್ಣಿನ ಲೆಕ್ಕ, ಕಿವಿಯ ಲೆಕ್ಕ

ಇನ್ನು ತೆರೆಯ ವಿಚಾರ. ಮನೆಯ ಹಳೆಯ ಮಾದರಿಯ ಟೆಲಿವಿಷನ್ನಿನ ತೆರೆ ಸುಮಾರು ೪೦ ಸೆಂಟಿಮೀಟರ್ ಅಗಲವೆಂದಿಟ್ಟುಕೊಳ್ಳೋಣ. ಎರಡೂವರೆ ಮೀಟರ್ ದೂರದಲ್ಲಿ ಕುಳಿತವನ ಕಣ್ಣಿಗೆ ಅದು ಸುಮಾರು ೯ ಡಿಗ್ರಿಗಳ ಕೋನವನ್ನು ಆಕ್ರಮಿಸುತ್ತದೆ. ಚಿತ್ರಮಂದಿರದಲ್ಲಿ ೧೨ ಮೀಟರ್ ಅಗಲದ ತೆರೆಯನ್ನು ೧೫ ಮೀಟರ್ ದೂರದಿಂದ ನೋಡಿದರೆ ಆ ಕೋನ ಸುಮಾರು ೪೪ ಡಿಗ್ರಿ. ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು.

ಇದರ ಪರಿಣಾಮ ಎರಡು ಬಗೆ. ಕಿರುತೆರೆಯಲ್ಲಿ ಹುಬ್ಬನ್ನು ಬೆರಳಗಲ ಏರಿಸಬೇಕಾದ ನಟ ಬೆಳ್ಳಿತೆರೆಯಲ್ಲಿ ಕೂದಲೆಳೆಯಷ್ಟು ಏರಿಸಿದರೆ ಸಾಕು, ಮಿಕ್ಕುದು ಅತಿಯಾಗುವುದು. ಎರಡನೆಯದಾಗಿ, ಹಳೆಯ ಟೆಲಿವಿಷನ್ನಿನ ಚೌಕಟ್ಟು ೪ಕ್ಕೆ ೩ರ ಪ್ರಮಾಣದಲ್ಲಿ ಹೆಚ್ಚುಕಡಮೆ ಚೌಕವಾಗಿದ್ದು ಒಂದು ಮುಖ ಅದನ್ನು ತುಂಬುತ್ತಿತ್ತು. ಚಲಚ್ಚಿತ್ರದ ಚೌಕಟ್ಟು ಅಡ್ಡಗಲವಾದುದು. ಅದೇ ಮುಖವನ್ನು ಅಲ್ಲಿ ಇಟ್ಟರೆ ಎಡಬಲಗಳಲ್ಲಿ ಬಯಲು ಉಳಿಯುತ್ತದೆ. ಆ ಬಯಲಿನಲ್ಲಿ ಯಾರಾದರೂ ಇರಬೇಕು, ಏನಾದರೂ ನಡೆಯಬೇಕು.

ಕಿವಿಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. ನಗು ಎಂಬುದು ಒಬ್ಬನ ಗಂಟಲಿನಿಂದ ಇನ್ನೊಬ್ಬನ ಗಂಟಲಿಗೆ ಹರಡುವ ಗುಣವುಳ್ಳದ್ದು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿ, ಒಬ್ಬಂಟಿಯಾಗಿರುವಾಗಿಗಿಂತ ನಾಲ್ವರ ನಡುವೆ ಇರುವಾಗ ಮನುಷ್ಯನು ಸುಮಾರು ೩೦ ಪಟ್ಟು ಹೆಚ್ಚಾಗಿ ನಗುತ್ತಾನೆಂದು ಕಂಡುಕೊಂಡರು. ಟೆಲಿವಿಷನ್ನಿನವರು ಈ ಮಾತನ್ನು ವಿಜ್ಞಾನಿಗಿಂತ ಮೊದಲೇ ಬಲ್ಲವರಾಗಿದ್ದರು. ಮನೆಯಲ್ಲಿ ಒಬ್ಬನೇ ಕುಳಿತು ನೋಡುವವನಿಗೆ ಜೊತೆ ಬೇಕೆಂದು ಸಭಿಕರ ನಗುವನ್ನು ಧ್ವನಿಮುದ್ರಿಸಿ ಕಾರ್ಯಕ್ರಮದೊಡನೆ ಸೇರಿಸುವ ಪದ್ಧತಿಯನ್ನು ತಂದರು. ೧೯೫೦ರ ದಶಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಅಮೆರಿಕದ ಧ್ವನಿ ಎಂಜಿನಿಯರು ಬಗೆಬಗೆಯ ನಗುಗಳನ್ನು ಶೇಖರಿಸಿಟ್ಟು, ಗುಂಡಿಯೊತ್ತಿದರೆ ನಗುವ ಯಂತ್ರವನ್ನೇ ನಿರ್ಮಿಸಿದನು! ಬೀನ್ ಕಂತುಗಳಲ್ಲಿಯೂ ಸಭಿಕರ ನಗು ಕೇಳಿಬರುತ್ತದೆ.

ಚಲಚ್ಚಿತ್ರದಲ್ಲಿ ಈ ಊರುಗೋಲಿಲ್ಲ. ಅಲ್ಲಿ ನಗಬೇಕಾದವರು ಚಿತ್ರಮಂದಿರದಲ್ಲಿರುವ ಜೀವಂತ ಜನರೇ. ಅವರು ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂಬುದು ನಟನಿಗೆ ಚಿತ್ರೀಕರಣದ ದಿನ ತಿಳಿಯದು. ನಾಟಕದ ರಂಗದ ಮೇಲಾದರೆ ನಗು ಅಡಗುವವರೆಗೆ ಮುಂದಿನ ಮಾತನ್ನು ತಡೆದು ನಿಲ್ಲಬಹುದು. ಓಡುವ ಸುರುಳಿ ನಿಲ್ಲುವುದಿಲ್ಲ. ಒಂದು ನಗೆ ದೊಡ್ಡದಾದರೆ ಮುಂದಿನ ಮಾತನ್ನು ನುಂಗಿಬಿಡುತ್ತದೆ. ಮೈಯಿಂದ ನಗಿಸುವ ಪಾತ್ರಕ್ಕೆ ಇಲ್ಲಿ ಒಂದು ಅನುಕೂಲವುಂಟು: ನಗುವಿನ ಗದ್ದಲದಲ್ಲಿ ಮಾತು ಕೇಳಿಸದಿದ್ದರೂ ಚಲನೆ ಕಾಣುತ್ತಲೇ ಇರುತ್ತದೆ.

ಎರಡು ಚಿತ್ರಗಳು, ಎರಡು ಉತ್ತರಗಳು

ಬೀನನನ್ನು ಬೆಳ್ಳಿತೆರೆಗೆ ತರುವ ಮೊದಲನೆಯ ಯತ್ನ ೧೯೯೭ರಲ್ಲಿ ನಡೆಯಿತು. ನಿರ್ದೇಶಕರು ಮೆಲ್ ಸ್ಮಿತ್, ಬರೆದವರು ಕರ್ಟಿಸ್ ಮತ್ತು ಡ್ರಿಸ್ಕಾಲ್. ಕಥೆ ಹೀಗೆ: ಲಂಡನಿನ ಚಿತ್ರಶಾಲೆಯೊಂದರಲ್ಲಿ ಬೀನನು ಕಾವಲುಗಾರ. ಅವನ ಕಾಟ ತಪ್ಪಿದರೆ ಸಾಕೆಂದು ಮೇಲಧಿಕಾರಿಗಳು ಅವನನ್ನು ಮಹಾ ಕಲಾಪಂಡಿತನೆಂದು ಹೇಳಿ ಅಮೆರಿಕಕ್ಕೆ ಸಾಗಹಾಕುತ್ತಾರೆ. ಅಲ್ಲಿ ವಿಸ್ಲರ್ ಎಂಬ ಕಲಾವಿದನು ೧೮೭೧ರಲ್ಲಿ ಬರೆದ ತಾಯಿಯ ಚಿತ್ರವನ್ನು ಬರಮಾಡಿಕೊಳ್ಳುವ ಸಮಾರಂಭ. ಬೀನನು ಅದರ ಮೇಲೆ ಸೀನುತ್ತಾನೆ. ಮಸಿ ಹತ್ತಿದ ಕರವಸ್ತ್ರದಿಂದ ಒರೆಸುತ್ತಾನೆ. ಮಸಿಯನ್ನು ತೆಗೆಯಲು ಹೋಗಿ ತಾಯಿಯ ಮುಖವನ್ನೇ ಅಳಿಸಿಬಿಡುತ್ತಾನೆ. ಕೊನೆಗೆ ಚಿತ್ರದ ಅಚ್ಚುಪ್ರತಿಯೊಂದನ್ನು ತಂದು, ಮೊಟ್ಟೆಯ ಬಿಳಿಯನ್ನು ಬಳಿದು ಮೆರುಗು ಕೊಟ್ಟು, ಮೂಲದ ಜಾಗದಲ್ಲಿಟ್ಟು ಪಾರಾಗುತ್ತಾನೆ.

ಇಲ್ಲಿ ಗಮನಿಸಬೇಕಾದವನು ಬೀನನಲ್ಲ, ಅವನಿಗೆ ತನ್ನ ಮನೆಯಲ್ಲಿ ಆಶ್ರಯ ಕೊಟ್ಟ ಅಮೆರಿಕದ ಅಧಿಕಾರಿ ಡೇವಿಡ್ ಲ್ಯಾಂಗ್ಲಿ. ಕಿರುತೆರೆಯಲ್ಲಿ ಬೀನನ ಅವಾಂತರಕ್ಕೆ ಬೆಲೆ ತೆರುವವರು ಹೆಸರಿಲ್ಲದ ದಾರಿಹೋಕರು. ಚಿತ್ರದಲ್ಲಿ ಬೆಲೆ ತೆರುವವನಿಗೆ ಹೆಸರಿದೆ, ಕೆಲಸವಿದೆ, ಮನೆ ಬಿಟ್ಟು ಹೋಗುವ ಹೆಂಡತಿಯಿದ್ದಾಳೆ, ಅಪಘಾತಕ್ಕೆ ಸಿಕ್ಕುವ ಮಗಳಿದ್ದಾಳೆ. ನಾವು ನಗುವಾಗ ‘ಪಾಪ, ಇವನ ಗತಿ?’ ಎಂಬ ಆತಂಕವೂ ಜೊತೆಗಿರುತ್ತದೆ. ಆ ಆತಂಕವೇ ಒಂದೂವರೆ ಗಂಟೆಯ ಭಾರವನ್ನು ಹೊರುವ ಮೂಳೆ.

ಚಿತ್ರವು ಲೋಕದಾದ್ಯಂತ ೨೫ ಕೋಟಿ ಡಾಲರುಗಳಷ್ಟು ಹಣವನ್ನು ಗಳಿಸಿತು. ಆದರೂ ಒಂದು ಆಕ್ಷೇಪ ಉಳಿಯಿತು. ಮೂಳೆಯನ್ನು ದಪ್ಪ ಮಾಡುವ ಅವಸರದಲ್ಲಿ ಬೀನನಿಗೆ ಕಿರುತೆರೆಯಲ್ಲಿ ಇಲ್ಲದಷ್ಟು ಮಾತುಗಳನ್ನು ಕೊಟ್ಟರು. ಸಭೆಯ ಮುಂದೆ ಭಾಷಣವನ್ನೂ ಮಾಡಿಸಿದರು. ಮಾಂಟ್ರಿಯಾಲಿನ ಪರೀಕ್ಷೆಯಲ್ಲಿ ಯಾವುದು ಅವನ ಸ್ವಂತ ಶಕ್ತಿಯೆಂದು ಸಿದ್ಧವಾಗಿತ್ತೋ ಅದನ್ನೇ ತುಸು ಸಡಿಲಿಸಿದಂತಾಯಿತು.

ಹತ್ತು ವರ್ಷಗಳ ಬಳಿಕ, ೨೦೦೭ರಲ್ಲಿ, ಸ್ಟೀವ್ ಬೆಂಡಲಾಕ್ ನಿರ್ದೇಶಿಸಿದ ಎರಡನೆಯ ಚಿತ್ರ ಬಂದಿತು. ಅದರ ಹೆಸರಿನ ಅರ್ಥ ‘ಬೀನನ ರಜಾದಿನ’. ಮಾತಿಲ್ಲದ ಹಾಸ್ಯಕ್ಕೆ ಹೆಸರಾದ ಫ್ರಾನ್ಸಿನ ಜಾಕ್ ತಾತಿ ೧೯೫೩ರಲ್ಲಿ ಮಾಡಿದ ‘ಹ್ಯೂಲೋ ಮಹಾಶಯನ ರಜಾದಿನಗಳು’ ಎಂಬ ಚಿತ್ರಕ್ಕೆ ಇದು ಸಲ್ಲಿಸಿದ ನಮಸ್ಕಾರ. ಈ ಬಾರಿ ಬರೆದವರು ಒಂದು ಜಾಣತನದ ಉಪಾಯ ಮಾಡಿದರು. ಬೀನನಿಗೆ ಮಾತು ಕೊಡುವ ಬದಲು, ಅವನ ಮಾತು ಯಾರಿಗೂ ತಿಳಿಯದ ದೇಶಕ್ಕೆ, ಎಂದರೆ ಫ್ರಾನ್ಸಿಗೆ, ಅವನನ್ನು ಕಳುಹಿಸಿದರು. ಮೌನ ಆಗ ಸಹಜವಾಯಿತು. ಅವನ ತಪ್ಪಿನಿಂದ ತಂದೆಯನ್ನು ಅಗಲಿ ರೈಲಿನಲ್ಲಿ ಉಳಿದುಬಿಡುವ ರಷ್ಯದ ಹುಡುಗ ಸ್ಟೆಪಾನ್ ಅವನ ಜೊತೆಗಾರನಾದನು. ಹುಡುಗನನ್ನು ತಂದೆಗೆ ಒಪ್ಪಿಸಬೇಕು: ಇಷ್ಟೇ ಕಥೆ. ಕೈಯಲ್ಲಿ ಕಾಸಿಲ್ಲದಿದ್ದಾಗ ಇಬ್ಬರೂ ಸಂತೆಯ ನಡುವೆ ಒಂದು ಸಂಗೀತರೂಪಕದ ಹಾಡಿಗೆ ತುಟಿ ಆಡಿಸಿ ಅಭಿನಯಿಸಿ ಹಣ ಸಂಪಾದಿಸುವರು. ಬೀನನ ಸ್ವಭಾವ ಎಳ್ಳಷ್ಟೂ ಬದಲಾಗಿಲ್ಲ; ಅವನ ಸುತ್ತಣ ಲೋಕ ಮಾತ್ರ ಅವನನ್ನು ಹೊರುವಷ್ಟು ಗಟ್ಟಿಯಾಗಿದೆ.

ಸತ್ತನೆನಿಸಿಕೊಂಡ ಮುಸದ್ದಿಲಾಲ್

ನಮ್ಮ ದೇಶದಲ್ಲಿಯೂ ಇಂತಹ ಯತ್ನಗಳು ನಡೆದಿವೆ. ೨೦೦೨ರಲ್ಲಿ ಆರಂಭವಾದ ‘ಖಿಚಡಿ’ ಎಂಬ ಹಿಂದಿ ಹಾಸ್ಯಮಾಲೆ ೨೦೧೦ರಲ್ಲಿ ಚಲಚ್ಚಿತ್ರವಾಯಿತು. ಅದಕ್ಕಿಂತ ನಮ್ಮ ವಿಚಾರಕ್ಕೆ ಹೆಚ್ಚು ಉಪಯುಕ್ತವಾದುದು ೨೦೦೧ರಲ್ಲಿ ಆರಂಭವಾದ ‘ಆಫೀಸ್ ಆಫೀಸ್’. ಪಂಕಜ್ ಕಪೂರರು ವಹಿಸಿದ ಮುಸದ್ದಿಲಾಲ್ ಎಂಬ ಸಾಧು ಮನುಷ್ಯನು ಒಂದೊಂದು ಕಂತಿನಲ್ಲಿ ಒಂದೊಂದು ಕಚೇರಿಗೆ ಹೋಗಿ ಲಂಚ, ಸೋಮಾರಿತನ, ಕಾಗದಪತ್ರಗಳ ಚಕ್ರವ್ಯೂಹದಲ್ಲಿ ಸಿಕ್ಕಿಬೀಳುತ್ತಾನೆ. ಕಚೇರಿ ಯಾವುದೇ ಆಗಲಿ, ಅಲ್ಲಿ ಕುಳಿತಿರುವ ಸಿಬ್ಬಂದಿ ಮಾತ್ರ ಅದೇ ನಟರು, ಅದೇ ಹೆಸರುಗಳು! ಇಲಾಖೆ ಬೇರೆಯಾದರೂ ರೋಗ ಒಂದೇ ಎಂಬುದನ್ನು ಒಂದು ಮಾತನ್ನೂ ಆಡದೆ ತಿಳಿಸುವ ಈ ಯುಕ್ತಿ ನಿಜವಾಗಿ ಮೆಚ್ಚತಕ್ಕದ್ದು.

೨೦೧೧ರಲ್ಲಿ ನಿರ್ದೇಶಕ ರಾಜೀವ್ ಮೆಹ್ರಾ ಇದನ್ನು ಚಲಚ್ಚಿತ್ರವಾಗಿ ಮಾಡಿದರು. ಇಪ್ಪತ್ತು ನಿಮಿಷಕ್ಕೆ ರೇಷನ್ ಚೀಟಿಯ ಕಷ್ಟ ಸಾಕು. ಚಲಚ್ಚಿತ್ರಕ್ಕೆ ಅದು ಸಾಲದು. ಆದುದರಿಂದ ಅವರು ಹೆಚ್ಚು ಭಾರ ತಾಳುವ ಕಷ್ಟವೊಂದನ್ನು ಹುಡುಕಿದರು. ಮುಸದ್ದಿಲಾಲನು ಯಾತ್ರೆ ಮುಗಿಸಿ ಹಿಂದಿರುಗುವ ಹೊತ್ತಿಗೆ ಪಿಂಚಣಿ ಕಚೇರಿಯ ದಾಖಲೆಯಲ್ಲಿ ಅವನು ಸತ್ತುಹೋಗಿದ್ದಾನೆ. ತಾನು ಬದುಕಿದ್ದೇನೆಂದು ಬದುಕಿರುವವನೇ ರುಜುವಾತು ಮಾಡಬೇಕು! ಪಾತ್ರದ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ವಿಸ್ತರಣೆ ಬೇರೆಯಿರಲಾರದು. ಆದರೂ ಚಿತ್ರ ಧಾರಾವಾಹಿಯಷ್ಟು ಜನಪ್ರಿಯವಾಗಲಿಲ್ಲ. ಹಲವು ಕಚೇರಿಗಳಲ್ಲಿ ಅದೇ ಸಿಬ್ಬಂದಿಯನ್ನು ವಾರವಾರವೂ ಕಂಡಾಗ ಹುಟ್ಟುವ ಹಾಸ್ಯ, ಒಂದೇ ಕುಳಿತದಲ್ಲಿ ನೋಡುವಾಗ ಅಷ್ಟು ಹರಿತವಾಗಿರುವುದು ಕಷ್ಟ. ವಾರದ ಅಂತರವೂ ಆ ನಗೆಯ ಒಂದು ಅಂಗವಾಗಿತ್ತೆಂದು ತೋರುತ್ತದೆ.

ಬೀದರಿಗೆ ನೆರೆಯ ಮರಾಠಿಯಲ್ಲಿ ಇನ್ನೊಂದು ಹತ್ತಿರದ ನಿದರ್ಶನವುಂಟು. ಅಲ್ಲಿ ನಗೆಗಾರನು ಬಂದುದು ಟೆಲಿವಿಷನ್ನಿನಿಂದಲ್ಲ, ರಂಗದಿಂದ. ವಸಂತ ಸಬನೀಸರ ಲೋಕನಾಟ್ಯದಲ್ಲಿ ಹೆಸರು ಪಡೆದ ದಾದಾ ಕೋಂಡ್ಕೆ ೧೯೭೧ರಲ್ಲಿ ‘ಸೋಂಗಾಡ್ಯಾ’ ಚಿತ್ರದ ಮೂಲಕ ಬೆಳ್ಳಿತೆರೆಯ ನಾಯಕರಾದರು. ರಂಗದ ಮೇಲೆ ಒಬ್ಬನೇ ನಿಂತು ಮಾತಿನ ಚಾಟಿ ಬೀಸುತ್ತಿದ್ದ ನಟನಿಗೆ ಚಿತ್ರದಲ್ಲಿ ಕೊಟ್ಟುದೇನು? ಪೆದ್ದ ಮಗನನ್ನು ಗದರುವ, ಅವನಿಗಾಗಿ ಮರುಗುವ ಒಬ್ಬ ತಾಯಿಯನ್ನು. ಇಲ್ಲಿಯೂ ಅದೇ ನಿಯಮ.

ಬಿದರಿಯ ಕಪ್ಪು

ಬೀದರಿನ ಕುಶಲಕರ್ಮಿಗಳ ಕೈಕೆಲಸವನ್ನು ನೋಡಿದವರಿಗೆ ಈ ನಿಯಮವನ್ನು ಬೇರೆ ಮಾತಿನಲ್ಲಿ ಹೇಳಬಹುದು. ಬಿದರಿ ಪಾತ್ರೆಯ ಮೈ ಸತು ಮತ್ತು ತಾಮ್ರಗಳ ಮಿಶ್ರಲೋಹ. ಅದರಲ್ಲಿ ಸತುವಿನ ಪಾಲೇ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಎರಕ ಹೊಯ್ದು, ನುಣುಪು ಮಾಡಿ, ಉಳಿಯಿಂದ ಗೆರೆ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಈ ಹಂತದಲ್ಲಿ ಪಾತ್ರೆಯನ್ನು ನೋಡಿದರೆ ನಿರಾಶೆಯಾಗುವುದು. ಬೂದುಬಣ್ಣದ ಲೋಹದ ಮೇಲೆ ಬೆಳ್ಳಿ ಎದ್ದು ಕಾಣುವುದಿಲ್ಲ. ಬಳಿಕ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಬಳಿದಾಗ ಮಿಶ್ರಲೋಹದ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಬೆಳ್ಳಿ ಹೆಚ್ಚಿಲ್ಲ, ಬೆಳ್ಳಿ ಬದಲಾಗಿಲ್ಲ. ಆದರೂ ಈಗ ಅದು ಹೊಳೆಯುತ್ತಿದೆ.

ಹಾಸ್ಯಪಾತ್ರವು ಬೆಳ್ಳಿಯ ತಂತಿಯಂತೆ. ಅವನ ಸುತ್ತಣ ಗಂಭೀರ ಲೋಕ, ಎಂದರೆ ಸಾಲ, ಸಂಸಾರ, ಪರೀಕ್ಷೆ, ಕಚೇರಿ ಇವೆಲ್ಲ ಕಪ್ಪು ಮೈ. ಪುಟ್ಟ ಗುಂಡಿಗೆ ಸಾಕಾಗುವ ತಂತಿಯನ್ನೇ ದೊಡ್ಡ ಹೂದಾನಿಗೆ ಎಳೆದು ಎಳೆದು ಹೊಂದಿಸಲು ಹೋದರೆ ಅದು ತುಂಡಾಗುವುದು. ಮೈಯನ್ನು ಹಿಗ್ಗಿಸಬೇಕು, ಕಪ್ಪನ್ನು ಗಾಢಗೊಳಿಸಬೇಕು. ಚಲಚ್ಚಿತ್ರಕ್ಕಾಗಿ ಪಾತ್ರದ ಪೆದ್ದುತನವನ್ನು ನಾಲ್ಕು ಪಟ್ಟು ಮಾಡುವವರು ತಂತಿಯನ್ನು ಎಳೆಯುವವರು. ಪಾತ್ರವನ್ನು ಇದ್ದಂತೆಯೇ ಬಿಟ್ಟು ಅವನ ಪೆದ್ದುತನದಿಂದ ಯಾರಿಗೆ ಏನಾಗುವುದೆಂದು ಯೋಚಿಸುವವರು ನಿಜವಾದ ಕಸಬುದಾರರು.

ಔರಾದಿನ ಕಾಕಾ

ಇದನ್ನು ನಾವೇ ಒಂದು ಪಾತ್ರಕ್ಕೆ ಅನ್ವಯಿಸಿ ನೋಡೋಣ. ಔರಾದಿನ ಸಮೀಪದ ಹಳ್ಳಿಯ ಒಬ್ಬ ಕಾಕಾ ಅವರನ್ನು ಕಲ್ಪಿಸಿಕೊಳ್ಳಿ. ಅವರಿಗೆ ದೂರದ ಅಕ್ಷರ ಕಾಣದು. ಕನ್ನಡಕವಿದೆ, ಆದರೆ ಅದು ಸದಾ ಅಂಗಿಯ ಜೇಬಿನಲ್ಲಿರುತ್ತದೆ. ಹಾಕಿಕೊಂಡರೆ ಮುದುಕನೆನ್ನುವರೆಂಬ ಸಂಕೋಚ. ಬೇರೆಯವರನ್ನು ಕೇಳುವುದೋ ಅದಕ್ಕಿಂತಲೂ ಅವಮಾನ. ಹೀಗಾಗಿ ಔರಾದಿನ ನಿಲ್ದಾಣದಲ್ಲಿ ಅವರು ಬಸ್ಸಿನ ಬಣ್ಣ, ಚಾಲಕರ ಮೀಸೆ, ಸಾಲಿನ ಉದ್ದ ಇವುಗಳಿಂದಲೇ ಊರನ್ನು ಊಹಿಸಿ ಏರುವರು. ಪ್ರತಿಸಲವೂ ತಪ್ಪು ಬಸ್ಸು. ಗಡಿಯ ತಾಲ್ಲೂಕಾದುದರಿಂದ ಕನ್ನಡ, ಮರಾಠಿ, ತೆಲುಗು ಮೂರು ಲಿಪಿಗಳ ಫಲಕಗಳಿಗೂ ಅಲ್ಲಿ ಅವಕಾಶವುಂಟು. ಐದು ನಿಮಿಷದ ಹಾಸ್ಯಕ್ಕೆ ಇಷ್ಟು ಸಾಕು. ಕಾಕಾ ತಪ್ಪು ಊರಿನಲ್ಲಿ ಇಳಿಯುವರು, ತಾವು ಬರಬೇಕಾಗಿದ್ದುದೇ ಇಲ್ಲಿಗೆ ಎಂಬಂತೆ ಗಂಭೀರವಾಗಿ ಚಹಾ ಕುಡಿಯುವರು, ಮರಳುವರು. ಉತ್ತರ ಸೊನ್ನೆ.

ಈಗ ಇದನ್ನು ಚಲಚ್ಚಿತ್ರ ಮಾಡಬೇಕು. ಕಾಕಾ ಹತ್ತು ತಪ್ಪು ಬಸ್ಸುಗಳನ್ನು ಏರಿದರೆ ಆಗುವುದೆ? ಮೂರನೆಯದಕ್ಕೆ ಪ್ರೇಕ್ಷಕನು ಆಕಳಿಸುವನು. ಅದರ ಬದಲು ಒಂದೇ ತಪ್ಪು ಬಸ್ಸು ಸಾಕು, ಆದರೆ ಆ ದಿನ ಜೇಬಿನಲ್ಲಿ ಕನ್ನಡಕದ ಜೊತೆಗೆ ಇನ್ನೊಂದು ವಸ್ತುವಿರಲಿ. ಭಾಲ್ಕಿಯ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿರುವ ಅಣ್ಣನ ಮಗಳು ಪರೀಕ್ಷೆಯ ಪ್ರವೇಶಪತ್ರವನ್ನು ಮನೆಯಲ್ಲಿ ಮರೆತುಹೋಗಿದ್ದಾಳೆ. ಹತ್ತು ಗಂಟೆಯೊಳಗೆ ಅದು ಅವಳ ಕೈ ಸೇರಬೇಕು. ‘ಕಾಕಾ, ನೀವೇ ತಂದುಕೊಡ್ರಿ’ ಎಂದು ಅವಳು ಫೋನಿನಲ್ಲಿ ಬೇಡಿಕೊಂಡಿದ್ದಾಳೆ. ಕಾಕಾ ಏರಿದ ಬಸ್ಸು ಭಾಲ್ಕಿಗೆ ಹೋಗದೆ ಗಡಿ ದಾಟಿ ಉದಗೀರಿಗೆ ಹೋಗುತ್ತದೆ. ಉದಗೀರಿನಿಂದ ಭಾಲ್ಕಿಗೆ ರೈಲುಮಾರ್ಗವುಂಟು. ಆದರೆ ಯಾವ ರೈಲು, ಯಾವ ಕಡೆಗೆ? ಫಲಕವನ್ನು ಓದಬೇಕು, ಇಲ್ಲವೆ ಕೇಳಬೇಕು. ಜೀವಮಾನದಲ್ಲಿ ಮಾಡದ ಎರಡು ಕೆಲಸಗಳಲ್ಲಿ ಒಂದನ್ನು ಈಗ ಮಾಡಲೇಬೇಕು.

ಕಾಕಾ ಅವರ ಸ್ವಭಾವದಲ್ಲಿ ಏನೂ ಸೇರಿಲ್ಲ. ಬಸ್ಸನ್ನು ಊಹಿಸುವ ಅದೇ ದೃಶ್ಯ ಈಗಲೂ ನಗು ತರಿಸುತ್ತದೆ. ಆದರೆ ನಗುತ್ತ ನಗುತ್ತಲೇ ನಾವು ಗಡಿಯಾರವನ್ನೂ ನೋಡುತ್ತೇವೆ. ಕೊನೆಗೆ ಅವರು ನಿಲ್ದಾಣದ ನಡುವೆ ನಿಂತು, ಸುತ್ತ ನೋಡಿ, ಕನ್ನಡಕವನ್ನು ತೆಗೆದು ಮೂಗಿನ ಮೇಲೆ ಇಟ್ಟುಕೊಂಡರೆ ಆ ಒಂದು ಚಲನೆ ಕನ್ನಡಿಗನಿಗೂ ಮರಾಠಿಗನಿಗೂ ಒಂದೇ ಸಮನೆ ಅರ್ಥವಾಗುವುದು.

ಯಾರನ್ನು ನೋಡಿ ನಗುವುದು?

ಬೀದರ್ ಜಿಲ್ಲೆ ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದೆ ಅದೇ ಜಿಲ್ಲೆಯಲ್ಲಿದ್ದ ಉದಗೀರು ಮರಾಠಿ ಭಾಗಕ್ಕೂ ಜಹೀರಾಬಾದು ತೆಲುಗು ಭಾಗಕ್ಕೂ ಹೋದವು. ಗೆರೆಗಳು ಬದಲಾದರೂ ಸಂತೆಯ ಮಾತು ಬದಲಾಗಲಿಲ್ಲ. ಜಲ್ದಿ, ಫಿಕರ್, ಬರೋಬರ್, ಖರೆ ಎಂಬ ಮಾತುಗಳು ಇಲ್ಲಿನ ಕನ್ನಡದಲ್ಲಿ ಸಕ್ಕರೆ ಹಾಲಿನಲ್ಲಿ ಬೆರೆತಂತೆ ಬೆರೆತಿವೆ.

ಈ ಮಾತನ್ನು ಕಿರುತೆರೆಯೂ ಬೆಳ್ಳಿತೆರೆಯೂ ಬಹುಕಾಲದಿಂದ ನಗೆಯ ಸರಕಾಗಿ ಬಳಸುತ್ತ ಬಂದಿವೆ. ಉತ್ತರದ ಜಿಲ್ಲೆಗಳ ಮನುಷ್ಯನು ತೆರೆಯ ಮೇಲೆ ಬಾಯಿ ತೆರೆದ ಮಾತ್ರಕ್ಕೇ ಸಭೆ ನಗಬೇಕೆಂಬುದು ಎಷ್ಟೋ ಬರಹಗಾರರ ಎಣಿಕೆ. ಬೇರೂರಿನ ಕಾಲೇಜು ಸೇರಿದ ಬೀದರಿನ ಹುಡುಗ ಹುಡುಗಿಯರು ತರಗತಿಯಲ್ಲಿ ಎದ್ದು ಮಾತನಾಡಲು ಹಿಂಜರಿಯುವುದಕ್ಕೆ ಈ ನಗುವೂ ಒಂದು ಕಾರಣವಾದರೆ, ಅದನ್ನು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ.

ನಮ್ಮ ಗಾತ್ರದ ನಿಯಮವು ಇಲ್ಲಿಯೂ ನ್ಯಾಯ ಹೇಳುತ್ತದೆ. ಉಚ್ಚಾರಣೆಯೊಂದರ ಮೇಲೆಯೇ ನಿಂತ ಪಾತ್ರ ಎರಡು ನಿಮಿಷ ನಡೆದೀತು, ಎರಡು ಗಂಟೆ ನಡೆಯದು. ಕಿವಿ ಹತ್ತು ನಿಮಿಷದಲ್ಲಿ ಆ ಮಾತಿಗೆ ಒಗ್ಗಿಹೋಗುತ್ತದೆ. ಒಗ್ಗಿದ ಮೇಲೆ ಅದು ನಗೆಯಲ್ಲ, ಬರಿಯ ಮಾತು. ಆಗ ಪಾತ್ರದ ಕೈಯಲ್ಲಿ ಬೇರೆ ಏನಿದೆ? ಕಾಕಾ ಅವರ ಕೈಯಲ್ಲಿ ಬಿಂಕವಿದೆ, ಪ್ರೀತಿಯಿದೆ, ಹೊತ್ತು ಮೀರುತ್ತಿದೆಯೆಂಬ ದಿಗಿಲಿದೆ. ನಾವು ನಗುವುದು ಅವರ ಬಿಂಕಕ್ಕೆ. ಆ ಬಿಂಕ ಬೆಂಗಳೂರಿನಲ್ಲಿಯೂ ಉಂಟು, ಲಂಡನಿನಲ್ಲಿಯೂ ಉಂಟು. ಅವರ ಬೀದರ್ ಕನ್ನಡವಾದರೋ ಇಡೀ ಚಿತ್ರದ ಉದ್ದಕ್ಕೂ ಕೇಳಿಬಂದು, ನಗೆಗೀಡಾಗದೆ, ಒಬ್ಬ ಮನುಷ್ಯನ ಸಹಜವಾದ ನುಡಿಯಾಗಿ ನಮ್ಮ ಕಿವಿಯಲ್ಲಿ ಉಳಿಯುತ್ತದೆ.

ನೀವೇ ಮಾಡಿ ನೋಡಿ

ವಿಜ್ಞಾನದ ವಿದ್ಯಾರ್ಥಿಗಳು ಬೇರೆಯವರ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ಮೇಲೆ ಹೇಳಿದುದನ್ನು ಪರೀಕ್ಷಿಸಲು ಬೇಕಾದ ಉಪಕರಣಗಳು ಒಂದು ಫೋನು, ಒಂದು ಗಡಿಯಾರ, ಒಂದು ನೋಟುಪುಸ್ತಕ, ಇಷ್ಟೇ.

ಐದು ನಿಮಿಷದ ಹಾಸ್ಯದೃಶ್ಯಗಳನ್ನು ಎರಡು ಆರಿಸಿಕೊಳ್ಳಿ: ಒಂದು ಮಾತಿನದು, ಇನ್ನೊಂದು ಮೈಯದು. ಬೇರೆ ಬೇರೆ ಮನೆಮಾತಿನ ಗೆಳೆಯರನ್ನು ಆರಾರು ಮಂದಿಯ ಗುಂಪುಗಳಾಗಿ ಮಾಡಿ. ಒಂದು ಗುಂಪಿಗೆ ಧ್ವನಿಯೊಡನೆ, ಇನ್ನೊಂದಕ್ಕೆ ಧ್ವನಿಯಿಲ್ಲದೆ ತೋರಿಸಿ, ಎಷ್ಟು ಸಲ ಯಾವ ಗಳಿಗೆಯಲ್ಲಿ ನಕ್ಕರೆಂದು ಬರೆದುಕೊಳ್ಳಿ. ಧ್ವನಿ ತೆಗೆದರೂ ಉಳಿಯುವ ನಗುವೇ ಗಡಿ ದಾಟಬಲ್ಲ ನಗು. ಅದೇ ದೃಶ್ಯವನ್ನು ಅದನ್ನು ಹಿಂದೆ ಕಾಣದ ಕೆಲವರಿಗೆ ಒಬ್ಬೊಬ್ಬರಾಗಿ ತೋರಿಸಿ, ಒಂಟಿ ನಗುವಿಗೂ ಗುಂಪಿನ ನಗುವಿಗೂ ಇರುವ ವ್ಯತ್ಯಾಸವನ್ನು ಎಣಿಸಿರಿ. ಒಮ್ಮೆ ನೋಡಿದವರಿಗೆ ಮತ್ತೆ ತೋರಿಸಬೇಡಿ. ಎರಡನೆಯ ಸಲ ಕೇಳಿದ ಹಾಸ್ಯ ಹಳಸಿರುತ್ತದೆ, ಲೆಕ್ಕ ಕೆಡುತ್ತದೆ.

ಕೊನೆಯದಾಗಿ, ನಿಮಗೆ ಪ್ರಿಯವಾದ ಕಿರುತೆರೆಯ ಹಾಸ್ಯಪಾತ್ರವೊಂದನ್ನು ಎತ್ತಿಕೊಂಡು ಒಂದು ಪುಟದ ಕಥೆ ಬರೆಯಿರಿ. ನಿಬಂಧನೆ ಒಂದೇ: ಪಾತ್ರಕ್ಕೆ ಹೊಸ ಗುಣವೊಂದನ್ನೂ ಸೇರಿಸಬಾರದು, ಅವನ ತಪ್ಪಿನಿಂದ ನಿಜವಾಗಿ ತೊಂದರೆಗೆ ಸಿಕ್ಕುವ ಒಬ್ಬ ಮನುಷ್ಯನನ್ನು ಮಾತ್ರ ಪಕ್ಕದಲ್ಲಿ ನಿಲ್ಲಿಸಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಆಡಿ ತೋರಿಸಿದಾಗ ಸಭೆ ನಗುತ್ತ ನಗುತ್ತ ಒಂದು ಗಳಿಗೆ ಮೌನವಾದರೆ, ನಿಮ್ಮ ಪಾತ್ರದ ಮೂಳೆ ಗಟ್ಟಿಯಾಗಿದೆಯೆಂದು ತಿಳಿಯಬಹುದು. ಅಂತಹ ಪಾತ್ರ ಬೀದರಿನ ಮಾತಿನಲ್ಲಿ ಹುಟ್ಟಿ ಬೆಳ್ಳಿತೆರೆಯವರೆಗೆ ನಡೆದುಹೋಗುವ ದಿನ ಬರಲಿ ಎಂದು ಹಾರೈಸೋಣ.